ತಲೆದೆಸೆಯ ಜಾಕೆಟ್

ಬೀರುವಿನ ಮೇಲಿನ ಗೂಡು ಖಾಲಿಯಾಗಿತ್ತು. ರಗಳೆಯೆಲ್ಲ ಶುರುವಾದದ್ದು ಅಲ್ಲಿಂದಲೇ.

ಬೀರು ಎಂದರೆ ಅಂಥಿಂಥ ಬೀರುವಲ್ಲ. ಊರೊಂದನ್ನು ಎತ್ತಿ ನೀರಿನ ಮೇಲಿಟ್ಟಂತಿದ್ದ ದೊಡ್ಡ ಪ್ರವಾಸಿ ಹಡಗಿನ ಒಂದು ಕೋಣೆಯ ಬೀರು. ಅದರ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದವರು ಬೀಗಪ್ಪನವರ ಹೆಂಡತಿ.

"ಎಲ್ರೀ ಲೈಫ್ ಜಾಕೆಟ್ಟು?"

ಬೀಗಪ್ಪನವರು ಗೂಡಿನೊಳಗೆ ಕೈಯಾಡಿಸಿದರು. ಮಂಚದ ಕೆಳಗೆ ಬಗ್ಗಿದರು. ಬಚ್ಚಲಿನ ಪರದೆ ಸರಿಸಿದರು. ಎಲ್ಲೂ ಇಲ್ಲ.

ಅವರ ನಿಜವಾದ ಹೆಸರು ಅವರ ಸಂಬಳದ ಚೀಟಿಗೆ ಮಾತ್ರ ಗೊತ್ತು. ನಟ್ಟು ಬೋಲ್ಟಿನ ಕಾರ್ಖಾನೆಯ ಉಗ್ರಾಣ ನೋಡಿಕೊಳ್ಳುತ್ತಿದ್ದ ಅವರನ್ನು ಎಲ್ಲರೂ ಬೆನ್ನ ಹಿಂದೆ ಕರೆಯುತ್ತಿದ್ದುದು ಬೀಗಪ್ಪ ಎಂದೇ. ಒಂದು ವಾಷರ್ ಕೇಳಲು ಹೋದವನನ್ನೂ ಕಳ್ಳನನ್ನು ನೋಡುವ ಹಾಗೆ ನೋಡಿ, "ಹಳೇದು ಏನಾಯ್ತು?" ಎಂದು ಕೇಳದೆ ಕೊಟ್ಟವರಲ್ಲ. ಅವರ ಉಗ್ರಾಣದಿಂದ ಒಂದು ಮೊಳೆಯೂ ಕಾಣೆಯಾಗಿರಲಿಲ್ಲ. ಅದಕ್ಕೇ ಈ ವರ್ಷ ಕಾರ್ಖಾನೆಯವರು ಮೆಚ್ಚಿ, ಗಂಡಹೆಂಡತಿಗೆ ಈ ಹಡಗಿನ ಪ್ರವಾಸವನ್ನು ಬಹುಮಾನವಾಗಿ ಕೊಟ್ಟಿದ್ದರು.

ಆದರೆ ಹೆಂಡತಿಗೆ ನೀರೆಂದರೆ ಜೀವಭಯ. ಬಕೆಟ್ ತುಂಬಿ ಹರಿದರೂ ಒಂದು ಹೆಜ್ಜೆ ಹಿಂದೆ ಸರಿಯುವ ಪೈಕಿ. ಮದುವೆಯಾದಾಗಿನಿಂದ ಗಂಡಹೆಂಡತಿ ಒಟ್ಟಿಗೆ ಎಲ್ಲಿಗೂ ಹೋದವರಲ್ಲ. ಇದೊಂದಾದರೂ ಆಗಲಿ ಎಂದು ಬೀಗಪ್ಪನವರು ಕೈಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದರು. "ನೋಡು, ಪ್ರತಿ ಕೋಣೇಲೂ ಲೈಫ್ ಜಾಕೆಟ್ ಇಟ್ಟಿರ್ತಾರೆ. ನಿನ್ನ ತಲೆದೆಸೇಲೇ ಇರುತ್ತೆ. ಮಲಗಿದಲ್ಲಿಂದ ಕೈ ಚಾಚಿದ್ರೆ ಸಿಗಬೇಕು, ಹಾಗೆ."

ಆ ತಲೆದೆಸೆಯಲ್ಲಿ ಈಗ ಒಂದು ದಿಂಬಿತ್ತು, ಅಷ್ಟೆ.

"ನೀವು ಕೊಟ್ಟ ಮಾತು ಇದು," ಎಂದರು ಹೆಂಡತಿ. "ಹಡಗು ಹೊರಡೋದು ಸಾಯಂಕಾಲ. ಅಷ್ಟರೊಳಗೆ ಜಾಕೆಟ್ ಈ ಕೋಣೇಲಿ ಇರಬೇಕು. ಇಲ್ಲಾಂದ್ರೆ ನಾನು ಇಳಿದು ನನ್ನ ತಮ್ಮನ ಮನೆಗೆ ಹೋಗ್ತೀನಿ. ನೀವೊಬ್ರೇ ತೇಲ್ಕೊಂಡು ಹೋಗಿ."

ತಮ್ಮನ ಮನೆ ಎಂದರೆ ಬೀಗಪ್ಪನವರಿಗೆ ಆಗದು. ಆ ಭಾವಮೈದುನ ಒಮ್ಮೆ ನಕ್ಕರೆ ಮುಂದಿನ ಜನ್ಮದವರೆಗೂ ನಗುವವನು. ಅದಕ್ಕಿಂತ ಹೆಚ್ಚಾಗಿ, ಇಷ್ಟು ವರ್ಷಕ್ಕೆ ಒಮ್ಮೆ ಸಿಕ್ಕ ಈ ಪ್ರವಾಸ ಕೈತಪ್ಪಿ ಹೋಗುತ್ತದಲ್ಲ ಎಂದು ಅವರಿಗೆ ನಿಜವಾಗಿಯೂ ಸಂಕಟವಾಯಿತು.

ಬೀರುವಿನ ಕೆಳಗಿನ ಭಾಗದಲ್ಲಿ ಅವರ ಶರ್ಟು, ಪ್ಯಾಂಟು, ಸ್ವೆಟರ್ ಎಲ್ಲವನ್ನೂ ಹೆಂಡತಿ ಆಗಲೇ ಸಾಲಾಗಿ ನೇತುಹಾಕಿದ್ದರು. ಹಡಗು ಹತ್ತುವಾಗ ಪೆಟ್ಟಿಗೆಗಳನ್ನು ಪೇರಿಸುವವನಿಗೆ ಪೇರಿಸುವುದು ಹೇಗೆಂದು ಪಾಠ ಹೇಳುತ್ತ ಬೀಗಪ್ಪನವರು ಹಿಂದೆ ಉಳಿದಿದ್ದರು. ಹೆಂಡತಿ ಪೆಟ್ಟಿಗೆ ಎಳೆದುಕೊಂಡು ಮೊದಲೇ ಕೋಣೆ ಸೇರಿದ್ದರು. ಮನೆಯಲ್ಲಿ ಎಂದೂ ಅವರ ಬಟ್ಟೆ ಮಡಿಸದ ಹೆಂಡತಿ ಇಲ್ಲಿ ನೇತುಹಾಕಿದ್ದಾರೆಂದರೆ ಆಶ್ಚರ್ಯವೇ. ಆದರೆ ಬೀಗಪ್ಪನವರಿಗೆ ಆಗ ಅದನ್ನು ನೋಡುವ ವ್ಯವಧಾನ ಇರಲಿಲ್ಲ. ಇಡೀ ದಿನದಲ್ಲಿ ಅವರು ಅನುಮಾನಿಸದೆ ಬಿಟ್ಟದ್ದು ಅದೊಂದನ್ನೇ.

ಕೋಣೆಗಳ ಸಾಲಿನ ನಡುವಿನ ಓಣಿಯಲ್ಲಿ ಕೆಲಸದವನು ಟವೆಲುಗಳ ಗಾಡಿ ತಳ್ಳಿಕೊಂಡು ಬರುತ್ತಿದ್ದ. ಬೀಗಪ್ಪನವರು ಅವನನ್ನು ಅಡ್ಡಗಟ್ಟಿದರು.

"ನಮ್ಮ ಕೋಣೆ ಜಾಕೆಟ್ ಎಲ್ಲಪ್ಪಾ?"

"ಕೋಣೇಲಿ ಇಡಲ್ಲ ಸರ್. ಕೆಳಗೆ ಊಟದ ಹಾಲ್ ಇದೆಯಲ್ಲ, ಏನಾದ್ರೂ ಆದ್ರೆ ನೀವೆಲ್ಲ ಸೇರಬೇಕಾದ ಜಾಗ. ಅಲ್ಲೇ ಬೆಂಚಿನ ಪೆಟ್ಟಿಗೇಲಿ ಇದೆ."

ಬೀಗಪ್ಪನವರು ಕಣ್ಣು ಕಿರಿದು ಮಾಡಿದರು. ಮಾಲು ಇಲ್ಲದಿದ್ದಾಗ ಅದು ಬೇರೆಲ್ಲೋ ಇದೆ ಎನ್ನುವ ಈ ಮಾತನ್ನು ಅವರು ತಮ್ಮ ಉಗ್ರಾಣದ ಕಿಂಡಿಯಿಂದ ಎಷ್ಟು ಸಲ ಹೇಳಿದ್ದರೋ ಲೆಕ್ಕವಿಲ್ಲ.

"ಬೀಗ ಇದೆಯಾ ಅದಕ್ಕೆ?"

"ಬೀಗ ಯಾಕೆ ಸರ್? ಅವಸರಕ್ಕೆ ಬೇಕಾಗೋದು ಅದು."

ಬೀಗವಿಲ್ಲ! ಸಾವಿರಾರು ಜನ ಓಡಾಡುವ ಜಾಗದಲ್ಲಿ, ಬೀಗವಿಲ್ಲದ ಪೆಟ್ಟಿಗೆ! ತಿರುಗಿ ನೋಡಿದರೆ ಪಕ್ಕದ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ವಿಮೆ ಏಜೆಂಟರೊಬ್ಬರು ಕಿತ್ತಳೆ ಬಣ್ಣದ ಏನನ್ನೋ ಮಂಚದ ಮೇಲಿಟ್ಟು ತಡವುತ್ತಿದ್ದರು. ಬೀಗಪ್ಪನವರ ನೆರಳು ಕಂಡದ್ದೇ ಬಾಗಿಲು ಮುಚ್ಚಿತು.

'ಇವನೇ,' ಎಂದುಕೊಂಡರು ಬೀಗಪ್ಪನವರು. 'ನೂರಕ್ಕೆ ನೂರು ಇವನೇ.'

ಊಟದ ಹಾಲಿಗೆ ಹೋದರು. ಕಿಟಕಿಯಿಲ್ಲದ ದೊಡ್ಡ ಹಾಲು. ಗೋಡೆಗೆ ಅಂಟಿಕೊಂಡ ಉದ್ದ ಬೆಂಚು, ಅದರ ಮೇಲೆ ಮೆತ್ತೆ. ಮೆತ್ತೆ ಸರಿಸಿ ಮುಚ್ಚಳ ಎತ್ತಿದರೆ ಒಳಗೆ ಕಿತ್ತಳೆ ಬಣ್ಣದ ಜಾಕೆಟ್ಟುಗಳು, ಒಂದೊಂದು ಗೂಡಿಗೆ ಒಂದೊಂದರಂತೆ, ಅಚ್ಚುಕಟ್ಟಾಗಿ. ಆದರೆ ತುದಿಯ ಎರಡು ಗೂಡು ಖಾಲಿ!

ಆಗಲೇ ಕಳವು ಶುರುವಾಗಿದೆ! ಸಾಯಂಕಾಲದ ಹೊತ್ತಿಗೆ ಈ ಪೆಟ್ಟಿಗೆಯಲ್ಲಿ ಏನು ಉಳಿದೀತು? ಅತ್ತಿತ್ತ ನೋಡಿದರು. ಯಾರೂ ಇಲ್ಲ. ಎರಡು ಜಾಕೆಟ್ ಎಳೆದು, ಒಂದರ ಮೇಲೊಂದು ತಲೆಯಿಂದ ಇಳಿಸಿಕೊಂಡು, ಮೇಲೆ ತಮ್ಮ ಉದ್ದನೆಯ ಉಣ್ಣೆ ಕೋಟು ಹಾಕಿ ಗುಂಡಿ ಬಿಗಿದರು. ಜೀವಮಾನದಲ್ಲಿ ಒಂದು ಮೊಳೆಯನ್ನೂ ಜೇಬಿಗೆ ಹಾಕದ ಮನುಷ್ಯ ಈಗ ಪೀಪಾಯಿಯ ಹಾಗೆ ಉರುಳುತ್ತ ಹೊರಟರು.

ಲಿಫ್ಟಿನಲ್ಲಿ ವಿಮೆ ಏಜೆಂಟರು ನಿಂತಿದ್ದರು. ಪಕ್ಕದಲ್ಲಿ ಎದುರು ಕೋಣೆಯ ನಿವೃತ್ತ ಹೆಡ್‌ಮಿಸ್ಸು. ಬೀಗಪ್ಪನವರು ಹೊಟ್ಟೆ ಮೊದಲು, ತಾವು ಆಮೇಲೆ ಎಂಬಂತೆ ಒಳಗೆ ಸೇರಿಕೊಂಡರು.

"ಬೆಳಿಗ್ಗೆ ನೋಡ್ದಾಗ ಇಷ್ಟು ದಪ್ಪ ಇರ್ಲಿಲ್ವಲ್ಲ ನೀವು?" ಎಂದರು ಹೆಡ್‌ಮಿಸ್ಸು ಕನ್ನಡಕದ ಮೇಲಿನಿಂದ.

"ಹಡಗಿನ ಊಟ ಚೆನ್ನಾಗಿದೆ ಮೇಡಂ."

"ಇನ್ನೂ ಊಟಾನೇ ಹಾಕಿಲ್ಲ."

ಅಷ್ಟರಲ್ಲಿ ಹಣ್ಣಿನ ರಸದ ತಟ್ಟೆ ಹಿಡಿದ ಪರಿಚಾರಕನೊಬ್ಬ ಒಳಗೆ ಬಂದ. ಲಿಫ್ಟು ಜಗ್ಗಿತು, ಹೊಟ್ಟೆ ತಟ್ಟೆಗೆ ತಾಗಿತು, ಒಂದು ಲೋಟ ರಸ ಬೀಗಪ್ಪನವರ ಕಾಲರಿನೊಳಗೆ ಸುರಿಯಿತು. ಒದ್ದೆಯಾದರೆ ತಾನಾಗಿ ಹತ್ತಿಕೊಳ್ಳುವ ಪುಟ್ಟ ದೀಪ ಆ ಜಾಕೆಟ್ಟಿಗಿರುತ್ತದೆ ಎಂದು ಪಾಪ, ಅವರಿಗೇನು ಗೊತ್ತು? ಕೋಟಿನ ಸಂದಿಯಿಂದ ಮಿಣಕ್, ಮಿಣಕ್ ಎಂದು ಬೆಳಕು ಶುರುವಾಯಿತು.

"ರೀ, ನಿಮ್ಮ ಎದೇಲಿ ದೀಪ ಹತ್ಕೊಂಡಿದೆ," ಎಂದರು ಹೆಡ್‌ಮಿಸ್ಸು.

"ಅದು... ಹಾರ್ಟಿಗೆ ಡಾಕ್ಟರು ಹಾಕಿರೋದು."

ಏಜೆಂಟರ ಕಿವಿ ನೆಟ್ಟಗಾಯಿತು. "ಹಾರ್ಟಿಗಾ? ಪಾಲಿಸಿ ಮಾಡಿಸೋವಾಗ ಇದನ್ನ ಹೇಳಿದ್ರಾ?" ಎಂದು ಬಗ್ಗಿ ನೋಡಿದರು. ಕೋಟಿನ ಕೆಳಗಿನಿಂದ ಕಿತ್ತಳೆ ಬಣ್ಣದ ಪಟ್ಟಿಯೊಂದು ಬಾಲದಂತೆ ಇಳಿಬಿದ್ದಿತ್ತು. ಏಜೆಂಟರು ಅದನ್ನು ಹಿಡಿದು ನಿಧಾನವಾಗಿ ಎಳೆದರು. ತುದಿಯಲ್ಲಿ ಒಂದು ಸೀಟಿ ನೇತಾಡಿತು, ಅದರ ಹಿಂದೆಯೇ ಎರಡನೇ ಜಾಕೆಟ್ಟಿನ ಸೀಟಿಯೂ ಇಣುಕಿತು.

ಬೀಗಪ್ಪನವರು ಪಟ್ಟಿ ಕಸಿದುಕೊಂಡು ಕೋಟಿನೊಳಗೆ ತುರುಕಿದರು.

"ಯಜಮಾನ್ರೇ," ಎಂದರು ಏಜೆಂಟರು ದನಿ ತಗ್ಗಿಸಿ, "ನಿಮಗೇನೋ ಗೊತ್ತಿದೆ."

"ಅಯ್ಯೋ, ನನಗೇನೂ ಗೊತ್ತಿಲ್ಲ!"

"ಏನೂ ಗೊತ್ತಿಲ್ದೋರು ಒಂದಲ್ಲ, ಎರಡೆರಡು ಜಾಕೆಟ್ ಒಳಗೆ ಹಾಕ್ಕೊಂಡು ಓಡಾಡ್ತಾರಾ? ಹಡಗಲ್ಲಿ ತೂತು ಬಿದ್ದಿದೆಯಾ? ಯಾರು ಹೇಳಿದ್ರು?"

"ದೇವರಾಣೆ ಯಾರೂ ಹೇಳಿಲ್ಲ!"

"ಆಣೆ ಬೇರೆ ಹಾಕ್ತಿದ್ದಾರೆ," ಎಂದರು ಹೆಡ್‌ಮಿಸ್ಸು ಏಜೆಂಟರಿಗೆ. "ಅಂದ್ರೆ ವಿಷಯ ದೊಡ್ಡದೇ."

ಬೀಗಪ್ಪನವರು ಬಿದ್ದಂಬೀಳ ಕೋಣೆಗೆ ಬಂದು ಜಾಕೆಟ್ಟುಗಳನ್ನು ದಿಂಬಿನ ಕೆಳಗೆ ತುರುಕಿ, ಮಿಣುಕುವ ದೀಪಕ್ಕೆ ಟವೆಲು ಸುತ್ತಿದರು. ಹೆಂಡತಿ ನೋಡಿದರು. ಮುಖದಲ್ಲಿ ಸಂತೋಷವೋ ಕಸಿವಿಸಿಯೋ ತಿಳಿಯದ ಏನೋ ಒಂದು ಹಾದುಹೋಯಿತು.

"ಪರವಾಗಿಲ್ಲ, ತಂದ್ರಲ್ಲ," ಎಂದಷ್ಟೇ ಹೇಳಿ ಪೆಟ್ಟಿಗೆಯ ಮೇಲೆ ಕುಳಿತುಕೊಂಡರು. ಹೊರಗೆ ಓಣಿಯಲ್ಲಿ ದಡಬಡ ಓಡಾಟ ಶುರುವಾಯಿತು. ಬಾಗಿಲುಗಳು ತೆರೆದವು, ಮುಚ್ಚಿದವು. ಎಲ್ಲರೂ ಕೋಟು ಹಾಕಿಕೊಂಡು ಕೆಳಗೆ ಹೋಗುವವರೇ, ದಪ್ಪಗಾಗಿ ಮೇಲೆ ಬರುವವರೇ. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಮಧ್ಯಾಹ್ನ ಇಳಿಯುತ್ತಿದ್ದಂತೆ ಹಡಗಿನ ಭೋಂಗಾ ಮೋಟು ಮೋಟಾಗಿ ಕೂಗಿ ಕೊನೆಗೊಮ್ಮೆ ಉದ್ದಕ್ಕೆ ಕೂಗಿತು. ಹೊರಡುವ ಮುಂಚೆ ಎಲ್ಲರನ್ನೂ ಹಾಲಿಗೆ ಸೇರಿಸಿ ಅಪಾಯದ ತಾಲೀಮು ಮಾಡಿಸುವುದು ಹಡಗಿನ ಪದ್ಧತಿ. ತಾಲೀಮೆಂದು ನಂಬುವವರು ಆ ಓಣಿಯಲ್ಲಿ ಯಾರಿದ್ದರು? "ತೂತು! ತೂತು!" ಎನ್ನುತ್ತ ಹೊರಗಿದ್ದವರೆಲ್ಲ ಜಾಕೆಟ್ ತರಲು ಮೆಟ್ಟಿಲು ಹತ್ತಿದರು, ಒಳಗಿದ್ದವರೆಲ್ಲ ಹಾಲಿಗೆಂದು ಮೆಟ್ಟಿಲು ಇಳಿದರು. ನಡುವೆ ಸಿಕ್ಕಿಕೊಂಡ ಹೆಡ್‌ಮಿಸ್ಸು "ಲೈನ್! ಲೈನ್ ಮಾಡಿ!" ಎಂದು ಕೂಗಿದರು. ಲೈನು ಆಗಲಿಲ್ಲ, ಗಂಟಾಯಿತು.

ಕೊನೆಗೆ ಎಲ್ಲರೂ ಊಟದ ಹಾಲ್ ಸೇರಿದಾಗ ಬಿಳಿ ಸಮವಸ್ತ್ರದ ಅಧಿಕಾರಿಣಿ ಬೆಂಚಿನ ಮುಚ್ಚಳ ಎತ್ತಿ ನಿಂತಿದ್ದರು. ಒಳಗೆ ಒಂದು ಜಾಕೆಟ್ಟೂ ಇರಲಿಲ್ಲ.

"ಯಾಕೆ ಇವನ್ನ ಕೋಣೇಲಿ ಇಡಲ್ಲ ಅಂತ ಈಗ ಗೊತ್ತಾಯ್ತಾ?" ಎಂದು ಆಕೆ ಕೇಳಿದರು. "ಕೋಣೆ ಹತ್ರಾನೇ ಬೆಂಕಿ ಬಿದ್ದಿದ್ರೆ ಒಳಗೆ ಹೋಗಿ ತರ್ತಿದ್ರಾ? ಮೆಟ್ಟಿಲ ಮೇಲೆ ಆಗಿದ್ದು ನೋಡಿದ್ರಲ್ಲ. ಮೊದಲು ತಗೊಂಡು ಹೋದೋರು ಯಾರು?"

ಹಾಲಿನಲ್ಲಿದ್ದ ಬೆರಳುಗಳೆಲ್ಲ ಬೀಗಪ್ಪನವರ ಕಡೆ ತಿರುಗಿದವು. ಹೆಡ್‌ಮಿಸ್ಸಿನ ಬೆರಳು ಎಲ್ಲಕ್ಕಿಂತ ಮುಂದಿತ್ತು.

"ಜಾಕೆಟ್ ಎಲ್ಲಾ ವಾಪಸ್ ಬರೋವರೆಗೂ ಹಡಗು ಹೊರಡಲ್ಲ. ಮೊದಲು ತೆಗೆದವರು ಇಲ್ಲೇ ಇಳೀಬೇಕಾಗುತ್ತೆ," ಎಂದರು ಅಧಿಕಾರಿಣಿ.

ಒಬ್ಬೊಬ್ಬರೇ ತಲೆತಗ್ಗಿಸಿ ತಂದು ಹಾಕಿದರು. ಬೀಗಪ್ಪನವರದ್ದು ಇನ್ನೂ ಮಿಣುಕುತ್ತಿತ್ತು. ಗೂಡುಗಳು ತುಂಬುತ್ತ ಬಂದು, ತುದಿಯ ಎರಡು ಮಾತ್ರ ಖಾಲಿ ಉಳಿದವು.

ಬೀಗಪ್ಪನವರಿಗೆ ಹೋದ ಜೀವ ಬಂದಂತಾಯಿತು. "ನೋಡಿ! ನಾನು ಬಂದಾಗಲೇ ಆ ಎರಡು ಗೂಡು ಖಾಲಿ ಇತ್ತು! ಮೊದಲು ತೆಗೆದೋನು ನಾನಲ್ಲ, ಆ ಕಳ್ಳ ಬೇರೆ ಇದ್ದಾನೆ! ಈ ಏಜೆಂಟರ ಮಂಚದ ಮೇಲೆ ಬೆಳಿಗ್ಗೆ ಕಿತ್ತಳೆ ಬಣ್ಣದ್ದು ಏನೋ ಇತ್ತು, ನಾನೇ ಕಣ್ಣಾರೆ ನೋಡಿದ್ದೀನಿ!"

"ಅದು ನನ್ನ ಬೆನ್ನುನೋವಿನ ಬಿಸಿನೀರಿನ ಚೀಲ!" ಎಂದರು ಏಜೆಂಟರು ಕೆಂಪಗಾಗಿ.

"ಹಾಗಾದ್ರೆ ಎಲ್ಲರ ಪೆಟ್ಟಿಗೇನೂ ತೆಗೆಸಿ ನೋಡಿ!" ಬೀಗಪ್ಪನವರು ಎದೆ ತಟ್ಟಿಕೊಂಡರು. "ನನ್ನದರಿಂದಲೇ ಶುರುವಾಗಲಿ!"

"ರೀ, ಸುಮ್ನಿರಿ," ಎಂದು ಹೆಂಡತಿ ತೋಳು ಜಗ್ಗಿದರು. "ಎರಡು ತಾನೆ, ಹೋಗ್ಲಿ ಬಿಡಿ."

"ಎರಡು ತಾನೆ ಅಂತೀಯಾ? ಮಾಲು ಅಂದ್ರೆ ಮಾಲು! ಕೊಡು ಬೀಗದಕೈ!"

ಮೆರವಣಿಗೆಯೇ ಕೋಣೆಗೆ ನಡೆಯಿತು. ಬೀಗಪ್ಪನವರು ಬೀಗ ತಿರುವಿ, ಎಲ್ಲರಿಗೂ ಕಾಣುವಂತೆ ಪೆಟ್ಟಿಗೆಯ ಮುಚ್ಚಳ ಹಾರಿಸಿದರು. ತಮ್ಮ ಶರ್ಟು, ಪ್ಯಾಂಟು, ಸ್ವೆಟರ್ ಇರಬೇಕಾದ ಜಾಗದಲ್ಲಿ, ಅಂಗೈಯಲ್ಲಿ ಒತ್ತಿ ತುಂಬಿದ ಎರಡು ಕಿತ್ತಳೆ ಜಾಕೆಟ್ಟುಗಳಿದ್ದವು.

ಬೀರುವಿನಲ್ಲಿ ತಮ್ಮ ಬಟ್ಟೆ ಅಷ್ಟು ಪ್ರೀತಿಯಿಂದ ಯಾಕೆ ನೇತಾಡುತ್ತಿತ್ತು ಎಂಬುದು ಬೀಗಪ್ಪನವರಿಗೆ ಆಗ ಹೊಳೆಯಿತು.

"ನೀನು... ಯಾವಾಗ?"

"ಹಡಗು ಹತ್ತಿದ ತಕ್ಷಣ. ಹಾಲಿನಲ್ಲಿ ಯಾರೋ ಮುಚ್ಚಳ ತೆಗೆದು ಒರೆಸ್ತಿದ್ರು, ಕಾಣಿಸ್ತು. ಅವರು ಅತ್ಲಾಗ್ ಹೋದ ಮೇಲೆ ತಗೊಂಡೆ," ಎಂದರು ಹೆಂಡತಿ ನೆಲ ನೋಡುತ್ತ. "ನಿಮ್ಮ ಮಾತು ನಂಬ್ಕೊಂಡು ಕೂರೋಕಾಗುತ್ತಾ?"

"ಮತ್ತೆ ನನ್ನನ್ನ ಯಾಕೆ ಅಟ್ಟಿದೆ? ಎರಡು ಇತ್ತಲ್ಲ?"

"ಎರಡೂ ನನಗೇ. ಒಂದು ಕೆಟ್ಟರೆ ಇನ್ನೊಂದಿರ್ಲಿ ಅಂತ. ನಿಮ್ಮದು ನೀವು ತರ್ತೀರಲ್ಲ ಅಂದ್ಕೊಂಡೆ."

ಓಣಿಯಲ್ಲಿ ಬಿದ್ದ ನಗು ಅಡುಗೆಮನೆಯವರೆಗೂ ಕೇಳಿಸಿರಬೇಕು. ಅಧಿಕಾರಿಣಿಯೂ ತುಟಿ ಕಚ್ಚಿಕೊಂಡರು. ಗಂಡಹೆಂಡತಿ ಇಬ್ಬರನ್ನೂ ಇಳಿಸುವುದೇ ಸರಿ, ಆದರೆ ಹೊತ್ತು ಮೀರಿದೆ ಎಂದು ಆಕೆ ಯೋಚಿಸುತ್ತಿದ್ದಾಗ ಏಜೆಂಟರು ಅಡ್ಡ ಬಾಯಿ ಹಾಕಿದರು.

"ಇಳಿಸೋದೇನೋ ಸರಿ ಮೇಡಂ, ಆದ್ರೆ ನಾವು ನಿಶ್ಚಿಂತೆಯಾಗಿ ಮಲಗೋದು ಹೇಗೆ? ಆ ಪೆಟ್ಟಿಗೆಗೆ ಬೀಗ ಇಲ್ಲ. ಇಲ್ಲಿರೋರು ಯಾರನ್ನೂ ಯಾರೂ ನಂಬೋ ಹಾಗಿಲ್ಲ. ಯಾರಾದ್ರೂ ಕಾವಲಿರಬೇಕು."

"ನಮ್ಮ ಯಜಮಾನ್ರು ಉಗ್ರಾಣದವರು," ಎಂದರು ಹೆಂಡತಿ ತಟ್ಟನೆ. "ಒಂದು ಮೊಳೇನೂ ಕಳೆದಿಲ್ಲ. ಅದಕ್ಕೇ ಈ ಪ್ರವಾಸ ಬಹುಮಾನ ಬಂದಿರೋದು. ಅವರು ಕೂತ್ಕೊಳ್ತಾರೆ."

ಇಳಿಸುವುದರ ಬದಲು ಅದೇ ಆಗಲಿ ಎಂದು ಅಧಿಕಾರಿಣಿ ಒಪ್ಪಿದರು. ಯಾರೂ ಬೀಗಪ್ಪನವರನ್ನು ಕೇಳಲಿಲ್ಲ.

ಸಾಯಂಕಾಲ ಹಡಗು ಹೊರಟಿತು. ಕಿಟಕಿಯಿಲ್ಲದ ಊಟದ ಹಾಲಿನಲ್ಲಿ, ಬೆಂಚಿನ ಮೇಲೆ, ಬೀಗಪ್ಪನವರು ಕುಳಿತಿದ್ದರು. ಹಡಗು ಹೊರಟದ್ದು ಅವರಿಗೆ ತಿಳಿದದ್ದು ಮೇಜಿನ ಮೇಲಿನ ಚಮಚಗಳು ಅಲುಗಾಡಿದ್ದರಿಂದ. ಸ್ವಲ್ಪ ಹೊತ್ತಿಗೆ ಏಜೆಂಟರು ಬಂದು, ಒಂದು ನಿಮಿಷ ಏಳಿ ಎಂದು ಎಬ್ಬಿಸಿ, ಮುಚ್ಚಳ ಎತ್ತಿ ನೋಡಿ ಹೋದರು. ಆಮೇಲೆ ಹೆಡ್‌ಮಿಸ್ಸು ಬಂದರು. ಅವರು ಎಣಿಸಿಯೇ ಹೋದರು.

ಕತ್ತಲಾಗುವ ಮುನ್ನ ಹೆಂಡತಿ ಬಂದರು. ಕೂದಲೆಲ್ಲ ಗಾಳಿಗೆ ಕೆದರಿ, ಮುಖ ಹುಡುಗಿಯ ಮುಖದಂತೆ ಅರಳಿತ್ತು.

"ರೀ, ಸಮುದ್ರ ಎಷ್ಟು ಚೆನ್ನಾಗಿದೆ ಗೊತ್ತಾ! ನಂಗೆ ಒಂಚೂರೂ ಭಯ ಆಗ್ಲಿಲ್ಲ. ನೀವು ಇಲ್ಲಿ ಕೂತಿದ್ದೀರಲ್ಲ ಅಂತ ಧೈರ್ಯ. ಸೂರ್ಯ ಮುಳುಗೋದು ನೀವು ನೋಡಬೇಕಿತ್ತು."

ಬೀಗಪ್ಪನವರ ಕಣ್ಣು ತುಂಬಿ ಬಂತು. ಕೊನೆಗಾದರೂ ಹೆಂಡತಿಗೆ ತಮ್ಮ ಮೇಲೆ ನಂಬಿಕೆ ಬಂತಲ್ಲ ಎಂದುಕೊಂಡು, ಪಕ್ಕದಲ್ಲಿ ಜಾಗ ಮಾಡಲೆಂದು ಒಂದಿಷ್ಟು ಸರಿದು ಕುಳಿತರು.

"ಸರಿಯೋದಲ್ಲ," ಎಂದರು ಹೆಂಡತಿ. "ಸ್ವಲ್ಪ ಮೇಲೇಳಿ. ಎಲ್ಲಾ ಇದೆಯಾ ನೋಡ್ಬಿಡ್ತೀನಿ."