ಶ್ವಾಸಕೋಶ ಸ್ವಲ್ಪ ವೀಕು ಎಂದ ತಪ್ಪಿಗೆ

ಶ್ವಾಸಕೋಶ ಕಸಿ ಆಯ್ಕೆ ಮಂಡಳಿಯ ಮಹಾ ಅಧ್ಯಕ್ಷರ ಸನ್ನಿಧಿಗೆ,

ಮಾನ್ಯರೇ,

ಮನಿಲಾದ ತೊಂಡೊದಲ್ಲಿ ಲುಗಾವ್ ಗಂಜಿ ಮಾರುವ ಕ್ರಿಸಾಂತಾ ಮಗ್ಸಿನೋ ಎಂಬ ನಾನು, ಮೂಗಿಗೆ ಆಮ್ಲಜನಕದ ನಳಿಕೆ ಸಿಕ್ಕಿಸಿಕೊಂಡೇ, ಉಸಿರು ಸಾಲುವಷ್ಟು ಬಾಗಿ ಮಾಡುವ ನಮಸ್ಕಾರಗಳು. ತಾವೂ ತಮ್ಮ ಎರಡೂ ಶ್ವಾಸಕೋಶಗಳೂ ಕ್ಷೇಮವೆಂದು ನಂಬಿದ್ದೇನೆ.

ಕಸಿಯ ಪಟ್ಟಿಯಿಂದ ನನ್ನ ಹೆಸರು ಹೊಡೆದುಹಾಕಿದ್ದಕ್ಕೆ ತಾವು ಕೊಟ್ಟ ಕಾರಣ ಕೇಳಿ ಧನ್ಯಳಾದೆ. ನಾನು ಸುಳ್ಳುಗಾತಿಯಂತೆ. ತಮ್ಮ ಕಿರಿಯ ವೈದ್ಯರು "ಟಿಬಿ ಏನಾದ್ರೂ ಬಂದಿತ್ತೇನಮ್ಮಾ?" ಎಂದಾಗ ನಾನು "ಅಯ್ಯೋ, ಬಿಡ್ತು ಅನ್ನಿ ಡಾಕ್ಟ್ರೇ, ಶ್ವಾಸಕೋಶ ಸ್ವಲ್ಪ ವೀಕಿತ್ತು ಅಷ್ಟೇ" ಎಂದದ್ದೂ ನಿಜ, ಆಮೇಲೆ ಎಕ್ಸ್‌ರೇ ಚಾಡಿ ಹೇಳಿದ್ದೂ ನಿಜ. ನಮ್ಮ ಓಣಿಯಲ್ಲಿ ಟಿಬಿ ಯಾರಿಗೂ ಬರುವುದಿಲ್ಲ ಸ್ವಾಮಿ. ರಕ್ತ ಕಾರಿ ಸತ್ತವರದೂ ಶ್ವಾಸಕೋಶ ಸ್ವಲ್ಪ ವೀಕು, ಅಷ್ಟೇ. ನನಗೆ ಕಾಯಿಲೆ ಗೊತ್ತಾದ ದಿನವೇ ಪಕ್ಕದ ಮನೆಯ ಅಲಿಂಗ್ ಪಾಸಿಂಗ್ ಕಿವಿಯಲ್ಲಿ ಹೇಳಿದ್ದರು: "ಆ ಹೆಸ್ರು ಬಾಯಿಗೆ ತರ್ಬೇಡ ಕಣೇ, ನಿನ್ನ ಗಂಜಿನ ನಾಯಿನೂ ಮೂಸಲ್ಲ."

ಟಿಬಿ ಮಾತ್ರೆಗೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದರೂ ಒಂದು ಮಾತ್ರೆಯನ್ನೂ ಬಿಡದೆ ನುಂಗಿದೆ. ಗುಣವಾಯಿತೆಂದು ನರ್ಸಮ್ಮ ಚಪ್ಪಾಳೆ ತಟ್ಟಿದರು. ರೋಗ ಹೋಯಿತು, ಹೋಗುವಾಗ ಶ್ವಾಸಕೋಶವನ್ನೂ ತಿಂದು ಹೋಯಿತು. ಉಳಿದದ್ದು ತಳ ಹಿಡಿದ ಗಂಜಿಯ ಹಾಗೆ ಪಕ್ಕೆಲುಬಿಗೆ ಅಂಟಿಕೊಂಡಿದೆ. ಬಿಡಿಸುವುದು ಕಷ್ಟ, ಆದರೂ ಪ್ರಯತ್ನಿಸಬಹುದು ಎಂದರಂತೆ ತಮ್ಮ ಶಸ್ತ್ರವೈದ್ಯರು. ತಡೆದದ್ದು ತಾವು. ಕಸಿಯಾದವರು ಬದುಕಿರುವಷ್ಟು ಕಾಲವೂ ಔಷಧಿ ನುಂಗಬೇಕಲ್ಲ, "ಟಿಬಿ ಮುಚ್ಚಿಟ್ಟವಳು ನಾಳೆ ಮಾತ್ರೆ ನುಂಗ್ದೇನೇ 'ನುಂಗ್ದೆ' ಅಂದ್ರೆ ಏನ್ ಗತಿ?" ಎಂದಿರಂತೆ. ಎಂಥ ದೂರದೃಷ್ಟಿ!

ತಮ್ಮ ಸತ್ಯನಿಷ್ಠೆಯ ಪತ್ರವೂ ಕೈಸೇರಿತು. "ತಮ್ಮ ಅರ್ಜಿಯನ್ನು ಸದ್ಯಕ್ಕೆ ವಿಶ್ರಾಂತಿಯಲ್ಲಿ ಇರಿಸಲಾಗಿದೆ." ಎಷ್ಟು ಮೆತ್ತನೆಯ ಮಾತು! ಅಲಿಂಗ್ ಪಾಸಿಂಗ್ ಅಂತೂ "ಇವ್ರೂ ಇದ್ದ ಹೆಸ್ರು ಬಾಯಿಗೆ ತರಲ್ಲ, ನಮ್ಮ ಓಣಿಯವ್ರೇ ಇರ್ಬೇಕು ಕಣೇ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಭಯವಾಯಿತು.

ಆದಕಾರಣ ನನ್ನದೊಂದು ಸಣ್ಣ ಬಿನ್ನಹ. ಪಟ್ಟಿಯಲ್ಲಿ ಜಾಗವಿಲ್ಲದಿದ್ದರೆ ತಮ್ಮ ಶ್ವಾಸಕೋಶಗಳನ್ನೇ ದಿನ ಬಿಟ್ಟು ದಿನ ಕಡ ಕೊಡಿ. ಭಾನುವಾರ ತಮಗೆ ಚರ್ಚಿನಲ್ಲಿ ಹಾಡಲು ಬೇಕಾಗುತ್ತದೆ, ಅಂದು ತಾವೇ ಇಟ್ಟುಕೊಳ್ಳಿ. ಅದೂ ಆಗದಿದ್ದರೆ, ಸತ್ಯವಂತರದೇ ಶ್ವಾಸಕೋಶ ಬೇಕೆಂಬ ಹಟ ನನಗಿಲ್ಲ, ಯಾರಾದರೊಬ್ಬ ಸುಳ್ಳುಗಾರನದಾದರೂ ನಡೆಯುತ್ತದೆ. ಈ ಊರಿನಲ್ಲಿ ಅದಕ್ಕೆ ಬರವಿಲ್ಲ.

ಉಸಿರಿರುವ ತನಕ ತಮ್ಮ ವಿಶ್ವಾಸಿ,
ಕ್ರಿಸಾಂತಾ ಮಗ್ಸಿನೋ

ಮೇಲಿನದಕ್ಕೆ ಬಾಲ: ನಿನ್ನೆ ಗಿರಾಕಿಗಳೆದುರೇ "ನಂಗೆ ಬಂದಿದ್ದು ಟಿಬಿ" ಎಂದು ಹೇಳಿಬಿಟ್ಟೆ. ತುಂಬಿದ ಪಾತ್ರೆ ತುಂಬಿದಂತೆಯೇ ಮನೆಗೆ ಬಂತು. ನನ್ನ ಪಾಲಿನ ಸತ್ಯ ನಾನು ಹೇಳಿಯಾಯಿತು. ಇನ್ನು ತಮ್ಮ ಸರದಿ. 'ವಿಶ್ರಾಂತಿ' ಎಂಬುದನ್ನು ಹೊಡೆದುಹಾಕಿ, 'ಸಾಯಲು ಬಿಟ್ಟಿದ್ದೇವೆ' ಎಂದು ಸ್ವಹಸ್ತದಿಂದ ಬರೆದು ಸಹಿ ಮಾಡಿ ಕಳಿಸಿ. ಹಾಗೆ ಬರೆಯಲು ಆಗದಿದ್ದರೆ, ಅದೇ ಲೇಖನಿಯಿಂದ ನನ್ನ ಹೆಸರನ್ನು ಪಟ್ಟಿಗೆ ಸೇರಿಸಿಬಿಡಿ.