ಹಿಮ್ಮಡಿ ಕೆಳಗಿರಲಿ

ಸೋಫಾದ ಮೇಲೆ ಕಾಲು ಚಾಚಿ ಕೂತ ಗಂಡಸಿಗೆ ಗೊತ್ತಿಲ್ಲದ ಆಟ ಈ ಭೂಮಿಯ ಮೇಲೆ ಯಾವುದೂ ಇಲ್ಲ. ಬೇರೆಯವರ ಮನೆ ವಿಷಯ ಬಿಡಿ, ನಮ್ಮ ಮನೆಯದನ್ನೇ ಹೇಳುತ್ತೇನೆ. ಕ್ರಿಕೆಟ್ಟಿನಲ್ಲಿ ಯಾವ ಕ್ಯಾಪ್ಟನ್ನೂ ನನ್ನ ಮಾತು ಕೇಳುವುದಿಲ್ಲ ಎಂದು ಬೇಜಾರಾಗಿದ್ದ ಕಾಲದಲ್ಲಿ, ಒಂದು ಭಾನುವಾರ ಟೀವಿಯಲ್ಲಿ ಅದೂ ಇದೂ ತಿರುವುತ್ತಿದ್ದಾಗ ಈವೆಂಟಿಂಗ್ ಎನ್ನುವ ಕುದುರೆ ಪಂದ್ಯ ಕಣ್ಣಿಗೆ ಬಿತ್ತು. ಇದು ರೇಸಲ್ಲ. ಒಂದೇ ಕುದುರೆ, ಒಬ್ಬರೇ ಸವಾರರು, ಪರೀಕ್ಷೆ ಮಾತ್ರ ಮೂರು. ಮೊದಲು ಮಾವನ ಮುಂದೆ ಕಾಫಿ ತರುವ ಹೊಸ ಸೊಸೆಯ ಹಾಗೆ ನಾಜೂಕಾಗಿ ಹೆಜ್ಜೆ ಹಾಕಿ ತೋರಿಸಬೇಕು. ಆಮೇಲೆ ಹಳ್ಳ, ನೀರು, ಬೇಲಿ, ಮರದ ದಿಮ್ಮಿ ಎಲ್ಲವನ್ನೂ ಹಾರಿಕೊಂಡು ಓಡಬೇಕು. ಅಷ್ಟೆಲ್ಲ ಸುಸ್ತಾದ ಮೇಲೆ, ಕೊನೆಗೆ, ಬಣ್ಣದ ಕಂಬಗಳನ್ನು ಬೀಳಿಸದೆ ಜಿಗಿಯಬೇಕು. ನೋಡುತ್ತಾ ನೋಡುತ್ತಾ ನನ್ನ ಮಧ್ಯಾಹ್ನದ ನಿದ್ದೆ ಹೋಯಿತು. ಹೋದದ್ದು ಇವತ್ತಿಗೂ ಬಂದಿಲ್ಲ.

ಕೋಲಾರದಲ್ಲಿ ನನ್ನದು ತರಕಾರಿ ಬೀಜದ ಅಂಗಡಿ, ಮನೆ ಸುಗಟೂರಿನಲ್ಲಿ. ಕುದುರೆಗೂ ನನಗೂ ಇದ್ದ ಸಂಬಂಧವೆಂದರೆ ಹುರುಳಿ ಸಾರೊಂದೇ. ಆದರೂ ಕೆಲವೇ ತಿಂಗಳಲ್ಲಿ ನಾನು ಪಂಡಿತನಾಗಿಬಿಟ್ಟೆ. ಯಾವುದೋ ದೇಶದ ಹುಡುಗಿ ನೀರಿನ ಹೊಂಡಕ್ಕೆ ಕುದುರೆ ಹಾರಿಸುವಾಗ, "ಹಿಮ್ಮಡಿ ಕೆಳಗಿರ್ಬೇಕಮ್ಮಾ, ಹಿಮ್ಮಡಿ!" ಎಂದು ಇಲ್ಲಿಂದಲೇ ಕೂಗುತ್ತಿದ್ದೆ. ಹಿಮ್ಮಡಿ ಕೆಳಗಿದ್ದರೆ ಸವಾರ ಭದ್ರ, ಮೇಲೆದ್ದರೆ ಮೂತಿ ಮಣ್ಣಿಗೆ, ಇದು ಮೊದಲ ಪಾಠ. ಪಕ್ಕದಲ್ಲಿ ಅವರೆಕಾಳು ಹಿತುಕುತ್ತಾ ಕೂತ ನನ್ನ ಹೆಂಡತಿ ಸರೋಜ ತಲೆಯೆತ್ತದೆ ಹೇಳುತ್ತಿದ್ದಳು, "ಅವಳಿಗೆ ಕೇಳಿಸ್ತೋ ಇಲ್ವೋ, ಪಕ್ಕದ್ಮನೆ ಗೌರಮ್ಮಂಗೆ ಕೇಳಿಸ್ತು. ಮೆಲ್ಲಗೆ ಹೇಳ್ಕೊಡಿ."

ಎರಡನೇ ಪಾಠ ಇನ್ನೂ ದೊಡ್ಡದು. ಮಾಮೂಲಿ ಸವಾರನಿಗೆ ಪೆಟ್ಟಾದರೆ ಒಮ್ಮೊಮ್ಮೆ ಅವನ ಕುದುರೆಯನ್ನು ಇನ್ನೊಬ್ಬರು ಹತ್ತುತ್ತಾರೆ. ಅಪಾಯ ಇರುವುದು ಅಲ್ಲೇ. ಆ ಕುದುರೆಗೆ ಯಾವುದಕ್ಕೆ ಹೆದರಿಕೆ, ಯಾವ ಸನ್ನೆಗೆ ಏನರ್ಥ, ಹೊಸಬರಿಗೆ ಏನು ಗೊತ್ತು? ಇದು ನನಗೆ ಬೇಗ ಅರ್ಥವಾಯಿತು, ಯಾಕೆಂದರೆ ಹಿಂದೆ ನಾವು ಮುಳಬಾಗಿಲಿನ ಆಚೆಯಿಂದ ಒಂದು ಹಸು ತಂದಿದ್ದೆವು. "ನಿಲ್ಲೇ ತಾಯಿ" ಎಂದು ಎಷ್ಟು ಗೋಗರೆದರೂ ಒದೆಯುತ್ತಿತ್ತು. ಕೊನೆಗೆ ಸರೋಜ "ಉಂಡಮ್ಮಾ, ಉಂಡು" ಎಂದು ಅದೇ ಮಾತನ್ನು ತೆಲುಗಿನಲ್ಲಿ ಹೇಳಿದಳು ನೋಡಿ, ಕಲ್ಲಿನ ಬಸವಣ್ಣನ ಹಾಗೆ ನಿಂತು ಹಾಲು ಕೊಟ್ಟಿತು. ಅಂತೂ 'ಪರಿಚಯವಿಲ್ಲದ ಕುದುರೆ' ಎನ್ನುವುದು ನನ್ನ ಬಾಯಿಪಾಠವಾಯಿತು. ಯಾರಾದರೂ ಹಳೇ ಬೈಕು ಕೊಂಡರೂ ಅದೇ ಹೇಳುತ್ತಿದ್ದೆ. ಫೇಸ್‌ಬುಕ್ಕಿನಲ್ಲಿ ಉದ್ದುದ್ದ ಬರೆಯುತ್ತಿದ್ದೆ.

ಹೀಗಿರುವಾಗ ನಮ್ಮಕ್ಕನ ಮಗ ನವೀನನ ಮದುವೆ ಗೊತ್ತಾಯಿತು. ಹೆಣ್ಣು ದೇವರಾಯಸಮುದ್ರದ್ದು. ಆ ಹುಡುಗಿಗೆ ಒಂದೇ ಒಂದು ಆಸೆ, ಹುಡುಗ ಕುದುರೆಯ ಮೇಲೆ ಬರಬೇಕು. ಮದುವೆಗೆ ಮುಂಚೆ ನವೀನ ಸ್ಕೂಟರಿನಿಂದ ಬಿದ್ದು ಬಲಗೈ ಮುರಿದುಕೊಂಡಿದ್ದ. ಬ್ಯಾಂಡೇಜು ಬಿಚ್ಚಿ ಇನ್ನೂ ವಾರವಾಗಿರಲಿಲ್ಲ, ಕೈ ಭುಜದಿಂದ ಮೇಲೇಳುತ್ತಿರಲಿಲ್ಲ. ಅಕ್ಕ ಫೋನಿನಲ್ಲಿ ಅತ್ತೇ ಬಿಟ್ಟಳು. "ಲೇ, ಬೆಳಿಗ್ಗೆ ಅವನು ತಾಳಿ ಕಟ್ಬೇಕು ಕಣೋ. ಹಿಂದಿನ್ ದಿನ ಸಾಯಂಕಾಲ ಕುದುರೆಯಿಂದ ಬಿದ್ರೆ ಏನೋ ಗತಿ? ನೀನು ಸೋದರಮಾವ. ಕುದುರೆ ವಿಷ್ಯ ಬೇರೆ ಅಷ್ಟು ಬರೀತೀಯ."

ಈ ಕೊನೆಯ ಮಾತು ಕೇಳಿದ ಮೇಲೆ ಸುಮ್ಮನಿರುವ ಗಂಡಸು ಇದ್ದರೆ ತೋರಿಸಿ. "ಅಕ್ಕಾ, ಮೊದ್ಲು ನಾನು ಹತ್ತಿ ನೋಡ್ತೀನಿ. ಆಮೇಲೇ ಹುಡುಗನ್ನ ಹತ್ತಿಸೋದು. ಅವನ ಕೈಗೆ ನಾನು ಜವಾಬ್ದಾರಿ" ಎಂದೆ. ಸರೋಜ ಅವರೆಕಾಳು ಬಿಟ್ಟು ನನ್ನ ಹೊಟ್ಟೆಯನ್ನೇ ನೋಡಿದಳು.

ವರಪೂಜೆಯ ಸಂಜೆ ದೇವರಾಯಸಮುದ್ರದ ಕೆರೆ ಪಕ್ಕದ ಗುಡಿಯ ಮುಂದೆ ಕುದುರೆ ನಿಂತಿತ್ತು. ಬಿಳೀ ಕುದುರೆ, ಹೆಸರು ಚಾಂದ್ನಿ, ಹಣೆಗೆ ಜರಿಯ ಕುಚ್ಚು. ಮದುವೆ ಮೆರವಣಿಗೆಗಳಲ್ಲೇ ಬೆಳೆದದ್ದು. ಯಜಮಾನ ಪ್ಯಾರೇಜಾನ್, "ನಮ್ ಹುಡ್ಗಿ ಯಾರ್ನೂ ಬೀಳ್ಸಲ್ಲ ಸಾರ್, ಹತ್ತಿ ಕೂತ್ಕೊಳ್ಳಿ, ಟೀ ಕುಡ್ಕೊಂಡ್ ಬತ್ತೀನಿ" ಎಂದು ಹೋದ. ನಾನು ಕಲ್ಲಿನ ಜಗಲಿ ಹತ್ತಿ, ಅಲ್ಲಿಂದ ಕುದುರೆ ಹತ್ತಿದೆ. ಸೋದರಮಾವನೆಂದು ನನ್ನ ತಲೆಗೂ ಪೇಟ ಸುತ್ತಿದ್ದರು. ತಪ್ಪಾದದ್ದು ಅಲ್ಲೇ. ನಮ್ಮ ಕಡೆ ಬ್ಯಾಂಡಿನವರು ಮುಖ ನೋಡುವುದಿಲ್ಲ. ಕುದುರೆಯ ಮೇಲೆ ಪೇಟ ಕಂಡಿತು, ಬಾರಿಸಿದರು.

ಚಾಂದ್ನಿ ಹೊರಟಿತು. ನಾನು ಕಲಿತ ಪಾಠದಂತೆ ಲಗಾಮು ಎಳೆದೆ. ಮೆರವಣಿಗೆ ಕುದುರೆಗೆ ಲಗಾಮು ಬಿಗಿಯಾದರೆ ನಿಲ್ಲು ಎಂದಲ್ಲ, ಕುಣಿ ಎಂದರ್ಥ! ಅದು ಮುಂಗಾಲೆತ್ತಿ ಕುಣಿಯಿತು. ಜನ ಶಿಳ್ಳೆ ಹೊಡೆದರು. ಹೆದರಿ ಇನ್ನೂ ಎಳೆದೆ, ಇನ್ನೂ ಚೆನ್ನಾಗಿ ಕುಣಿಯಿತು. "ನಿಲ್ಲೇ ತಾಯಿ!" ಎಂದೆ. "ಉಂಡಮ್ಮಾ!" ಎಂದೆ. ಯಾವ ಭಾಷೆಯೂ ನಾಟಲಿಲ್ಲ. ಹಿಂದಿನಿಂದ ನವೀನ ಓಡಿ ಬರುತ್ತಾ ನಗುತ್ತಿದ್ದ. "ಮಾವಾ, ಬಿಟ್ಬಿಡಿ, ಬಿಟ್ಬಿಡಿ ಲಗಾಮು!" ಬಿಟ್ಟು ಎರಡೂ ಕೈಯಲ್ಲಿ ಜೂಲು ಹಿಡಿದೆ. ಚಾಂದ್ನಿ ಗಂಭೀರವಾಗಿ ನಡೆದು ಹೆಣ್ಣಿನ ಮನೆಯ ಚಪ್ಪರದ ಮುಂದೆ ತಾನೇ ನಿಂತುಕೊಂಡಿತು.

ಅಲ್ಲಿ ಹೆಣ್ಣಿನ ಅಜ್ಜಿ ಆರತಿ ತಟ್ಟೆ ಹಿಡಿದು ಸಿದ್ಧವಾಗಿದ್ದರು. ಕಣ್ಣು ಸ್ವಲ್ಪ ಮಂಜು. ನನಗೆ ಆರತಿ ಎತ್ತಿ, ಕುಂಕುಮ ಇಟ್ಟು, ಪಕ್ಕದವರಿಗೆ ಮೆಲ್ಲಗೆ ಹೇಳಿದರು, "ಪೆಂಡ್ಲಿಕೊಡುಕು ಭಲೇ ಲಾವುಗಾ ಉಂಡಾಡು ಗದಮ್ಮಾ." ಮದುಮಗ ಭಾರೀ ದಪ್ಪ ಇದ್ದಾನಲ್ಲಮ್ಮ ಎಂದು. ಒಳಗಿಂದ ಹುಡುಗಿಯ ಧ್ವನಿ ಬಂತು, "ಅವ್ವಾ, ಪೆಂಡ್ಲಿಕೊಡುಕು ಕಾದು, ಮೇನಮಾವ!" ಮದುಮಗನಲ್ಲ, ಅವನ ಸೋದರಮಾವ ಎಂದು ಗೊತ್ತಾದ ಮೇಲೆ ಅಜ್ಜಿಯ ಮುಖದಲ್ಲಿ ಬಂದ ನೆಮ್ಮದಿಯನ್ನು ನಾನು ಮರೆಯುವುದಿಲ್ಲ.

ಪ್ಯಾರೇಜಾನ್ ಓಡಿ ಬಂದು ಚಾಂದ್ನಿಗೆ "ಬಸ್ ಬೇಟೀ" ಎಂದ, ಸಾಕು ಮಗಳೇ ಎಂದು. ನಾಲ್ಕು ಜನ ಸೇರಿ ನನ್ನನ್ನು ರಾಗಿ ಮೂಟೆಯ ಹಾಗೆ ಇಳಿಸಿದರು. ಅಕ್ಕ ಕಣ್ಣೊರೆಸಿಕೊಂಡು ನಕ್ಕಳು. "ಇಷ್ಟು ಎಳೆದಾಡಿದವನ್ನೇ ಬೀಳಿಸ್ಲಿಲ್ಲ ಅಂದ್ಮೇಲೆ ನನ್ ಮಗನ್ನ ಬೀಳ್ಸುತ್ತಾ? ಹತ್ತೋ ನವೀನಾ." ಪ್ಯಾರೇಜಾನ್ ಹಗ್ಗ ಹಿಡಿದ, ನವೀನ ಹತ್ತಿದ, ಹುಡುಗಿ ಬಾಗಿಲಿಗೆ ಬಂದು ಕಣ್ತುಂಬ ನೋಡಿದಳು. ಬೆಳಿಗ್ಗೆ ಮೂರು ಗಂಟನ್ನೂ ಅವನು ನಡುಗದೆ ಹಾಕಿದ. ಮುಹೂರ್ತವನ್ನು ನಾನು ನಿಂತೇ ನೋಡಿದೆ. ಭಕ್ತಿಯಿಂದಲ್ಲ, ಕೂರಲಾಗುತ್ತಿರಲಿಲ್ಲ.

ಮೊನ್ನೆ ಆಲ್ಬಂ ಬಂತು. ಮೊದಲ ಪುಟದಲ್ಲೇ, ಎರಡು ಹಾಳೆ ತುಂಬ, ಪೇಟ ಜಾರಿ ಕಣ್ಣು ಮುಚ್ಚಿಕೊಂಡ ನಾನು. ಕೆಳಗೆ ಬಂಗಾರದ ಅಕ್ಷರದಲ್ಲಿ 'ವರನ ಆಗಮನ'. ತೆಗೆಸು ಎಂದು ಅಕ್ಕನಿಗೆ ಗೋಗರೆದೆ. ಆಗುವುದಿಲ್ಲ ಎಂದಳು. "ಹಿಂದ್ಗಡೆ ನೋಡೋ." ನೋಡಿದೆ. ಕುದುರೆಯ ಹಿಂದೆ ನವೀನ ನಗುತ್ತಾ ಓಡಿಬರುತ್ತಿದ್ದಾನೆ, ಎರಡೂ ಕೈ ಮೇಲೆತ್ತಿ. ಬಲಗೈಯೂ ಎಡಗೈಯಷ್ಟೇ ನೆಟ್ಟಗೆ ಮೇಲೆದ್ದಿದೆ. ನನ್ನನ್ನು ಹಿಡಿಯುವ ಭರದಲ್ಲಿ ಅವನಿಗೆ ನೋವೇ ಮರೆತುಹೋಗಿತ್ತಂತೆ.

ಆಲ್ಬಂ ಸರೋಜಳ ಕಡೆ ತಳ್ಳಿದೆ. ಅವಳು ಕನ್ನಡಕ ಏರಿಸಿಕೊಂಡು, ಫೋಟೋದ ಮೇಲೆ ಬೆರಳಿಟ್ಟು, ಕುದುರೆಯ ಹೊಟ್ಟೆಯಿಂದ ಮೇಲಕ್ಕೆ ಮೇಲಕ್ಕೆ ಏನನ್ನೋ ಹುಡುಕುತ್ತಾ ಹೋದಳು. ಬೆರಳು ನನ್ನ ಸೊಂಟದ ಹತ್ತಿರ ಬಂದು ನಿಂತಿತು.

"ರೀ, ಸಿಕ್ತು ನೋಡಿ ಹಿಮ್ಮಡಿ."