ಅತ್ಯಂತ ಅಪರೂಪದ ಬೂಷ್ಟು

ನಾನು ಬಹಳ ಎಚ್ಚರಿಕೆಯ ಮನುಷ್ಯ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ಅಳೆದದ್ದನ್ನು ಇನ್ನೊಮ್ಮೆ ಅಳೆಯದೆ ನಂಬುವುದಿಲ್ಲ. ಹಾಗಾಗಿ, ಹಲಸೂರಿನ ನಮ್ಮ ಬಾಡಿಗೆ ಮನೆಯ ತೆಂಗಿನ ಮರದಿಂದ ಬಿದ್ದ ಒಣ ಗರಿಯ ಕಡ್ಡಿಗಳ ಮೇಲೆ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು ಕಂಡಾಗ ನಾನು ಕುಣಿಯಲಿಲ್ಲ. ಎರಡು ಕಡ್ಡಿ ಮುರಿದು ಒಯ್ದು ಸೂಕ್ಷ್ಮದರ್ಶಕದಡಿ ಇಟ್ಟೆ. ನೂರು ಬೀಜಾಣು ಅಳೆದೆ. ಸಿಕ್ಕ ಪುಸ್ತಕಗಳನ್ನೆಲ್ಲ ತಡಕಿದೆ. ಜಗತ್ತಿನಲ್ಲಿ ಯಾರೂ ಇನ್ನೂ ಹೆಸರಿಡದ ಶಿಲೀಂಧ್ರ! ಆಮೇಲೆ ಕುಣಿದೆ.

"ಬೂಷ್ಟು ತಾನೇ?" ಎಂದಳು ಹೆಂಡತಿ ಸುನಂದಾ.

ಉತ್ತರಿಸುವುದು ನನ್ನ ಘನತೆಗೆ ತಕ್ಕದ್ದಲ್ಲ ಎಂದು ಪ್ರಬಂಧ ಬರೆಯಲು ಕುಳಿತೆ. ‘ಅತ್ಯಂತ ಅಪರೂಪ’ ಎಂದು ಮೂರು ಕಡೆ ಬರೆದೆ. ವಿಜ್ಞಾನ ಪತ್ರಿಕೆಯವರು ಒಪ್ಪಿದರು, ಒಂದು ಷರತ್ತಿನ ಮೇಲೆ. ಶಿಲೀಂಧ್ರವಿರುವ ಕಡ್ಡಿಗಳನ್ನು ಸಂಗ್ರಹಾಲಯಕ್ಕೆ ಒಪ್ಪಿಸಬೇಕು. ಮಾದರಿ ಇಲ್ಲದಿದ್ದರೆ ಹೊಸ ಪ್ರಭೇದವೂ ಇಲ್ಲ.

ಮೊದಲು ಒಯ್ದ ಎರಡು ಕಡ್ಡಿಗಳು ಪರೀಕ್ಷೆಯಲ್ಲೇ ಪುಡಿಯಾಗಿದ್ದವು. ಚಿಂತೆಯಿರಲಿಲ್ಲ, ಉಳಿದ ಗರಿ ತಾರಸಿಯಲ್ಲಿತ್ತು. ಅದಕ್ಕೊಂದು ಚೀಟಿ ಕಟ್ಟಿ ದಿನಾಂಕ, ಮರದ ಎತ್ತರ, ಗರಿಯ ಉದ್ದ ಎಲ್ಲ ಬರೆದಿದ್ದೆ. ‘ಮುಟ್ಟಬೇಡಿ’ ಎಂದು ಮಾತ್ರ ಬರೆದಿರಲಿಲ್ಲ. ಅದು ವೈಜ್ಞಾನಿಕ ಮಾಹಿತಿಯಲ್ಲವಲ್ಲ.

ಶುಕ್ರವಾರ ಸಂಜೆ ಹತ್ತಿ ನೋಡಿದರೆ ತಾರಸಿ ಖಾಲಿ. ಇಳಿದು ಬಂದರೆ, ಕೆಳಮನೆಯಲ್ಲಿರುವ ಮಾಲೀಕರು ಮರಗತಮ್ಮ ಹೊಸ ಕಡ್ಡಿಪೊರಕೆಯಿಂದ ಅಂಗಳ ಗುಡಿಸುತ್ತಿದ್ದರು. ಪೊರಕೆಗೆ ಕಟ್ಟಿದ್ದ ದಾರ ನನ್ನ ಚೀಟಿಯದು.

"ಗರಿ ವೇಸ್ಟ್ ಆಗ್ತಿತ್ತಲ್ಲ ಸಾರ್, ಪೊರಕೆ ಮಾಡ್ಬಿಟ್ಟೆ," ಎಂದರು.

ನಾನು ಬಗ್ಗಿ ನೋಡಿದೆ. ಕಪ್ಪು ಚುಕ್ಕೆಗಳು ಹಾಗೇ ಇದ್ದವು. ಬೂಷ್ಟು ಬೇಕು ಎನ್ನಲು ನಾಚಿಕೆಯಾಗಿ, ಪೊರಕೆಯನ್ನು ಮ್ಯೂಸಿಯಂನಲ್ಲಿ ಇಡಬೇಕಾಗಿದೆ ಎಂದೆ. ಅವರು ಅದನ್ನು ಎದೆಗೆ ಒತ್ತಿ ಹಿಡಿದರು.

"ಶುಕ್ರವಾರ ದೀಪ ಹಚ್ಚೋ ಹೊತ್ತಲ್ಲಿ ಪೊರಕೆ ಕೊಡ್ತಾರಾ ಸಾರ್? ಲಕ್ಷ್ಮೀನೇ ಹೊರಗೆ ಕಳಿಸ್ದಂಗೆ. ನಾಳೆ ಬನ್ನಿ."

ಒಂದು ರಾತ್ರಿಯಲ್ಲಿ ಶಿಲೀಂಧ್ರ ಎಲ್ಲಿಗೆ ಓಡೀತು? ಹೀಗೆ ಲೆಕ್ಕ ಹಾಕಿದ ಮೇಧಾವಿ ನಾನೇ.

ಬೆಳಿಗ್ಗೆ ಮರಗತಮ್ಮ ಪೊರಕೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದರು. ಕಡ್ಡಿಗಳು ಹೊಳೆಯುತ್ತಿದ್ದವು.

"ಮ್ಯೂಸಿಯಂಗೆ ಹೋಗೋದು, ಗಲೀಜಿರಬಾರ್ದು ಅಂತ ಒಂದೊಂದೇ ಕಡ್ಡಿ ಚಾಕೂಲಿ ಹೆರೆದು, ಫಿನಾಯಿಲ್ ಹಾಕಿ ತೊಳೆದಿದೀನಿ. ಒಂದು ಚುಕ್ಕೆ ತೋರ್ಸಿ ನೋಡೋಣ."

ತೋರಿಸಲಾಗಲಿಲ್ಲ. ಭೂತಗನ್ನಡಿ ಹಿಡಿದು ಒಂದು ಗಂಟೆ ಹುಡುಕಿದೆ. ಧನ್ಯವಾದ ಹೇಳಿ ಮೇಲೆ ಬಂದು ಕುಳಿತೆ.

ಸುನಂದಾ ನನ್ನ ಮುಖ ನೋಡಿದಳು, ಕಥೆ ಕೇಳಿದಳು, ಬಚ್ಚಲಿಗೆ ಹೋದಳು. ಶಿವಾಜಿನಗರದಲ್ಲಿ ಕೊಂಡ ನಮ್ಮ ಹಳೇ ಕಡ್ಡಿಪೊರಕೆ ತಂದು ನನ್ನ ಕಾಲ ಬಳಿ ಹಾಕಿದಳು. "ಚುಕ್ಕೆ ಬೇಕಾ? ಇದನ್ನ ಬಿಸಾಕಿ ಬನ್ನಿ ಅಂತ ಎರಡು ವರ್ಷದಿಂದ ಬಡ್ಕೋತಿದೀನಿ."

ಅದನ್ನು ಚೀಲದಲ್ಲಿ ಸುತ್ತಿ ಕಾಲೇಜಿಗೆ ಒಯ್ದೆ. ನೂರು ಬೀಜಾಣು ಅಳೆದೆ. ಮತ್ತೆ ಅಳೆದೆ. ಅದೇ ಶಿಲೀಂಧ್ರ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಪ್ರಬಂಧದಲ್ಲಿ ‘ಅತ್ಯಂತ ಅಪರೂಪ’ ಎಂಬುದನ್ನು ಮೂರೂ ಕಡೆ ಹೊಡೆದುಹಾಕಿದೆ. ಸಿಕ್ಕ ಸ್ಥಳ ಎಂಬಲ್ಲಿ ‘ಲೇಖಕನ ಬಚ್ಚಲು’ ಎಂದು ತಿದ್ದಿದೆ.

ಸಂಗ್ರಹಾಲಯದ ಚೀಟಿಯಲ್ಲಿ ‘ಸಂಗ್ರಹಿಸಿದವರು’ ಎಂಬಲ್ಲಿ ನನ್ನ ಹೆಸರು ಬರೆಯುತ್ತಿದ್ದೆ. ಸುನಂದಾ ಹಿಂದಿನಿಂದ ಬಗ್ಗಿ ಓದಿದಳು.

"ಸಂಗ್ರಹಿಸಿದ್ದಲ್ಲ ರೀ," ಎಂದಳು, "ಬಿಸಾಕದೇ ಇದ್ದದ್ದು."